ಕಾಲು ಎತ್ತಿದ ಐದು ಜಾಗ

ಗೊರಕೆ ಹೊಡೆಯುವವನ ಕಷ್ಟ ಯಾರಿಗೂ ಕಷ್ಟ ಅನ್ನಿಸುವುದಿಲ್ಲ. ಸಕ್ಕರೆ ಕಾಯಿಲೆ ಅಂದರೆ ‘ಅಯ್ಯೋ ಪಾಪ’ ಅನ್ನುತ್ತಾರೆ. ಎದೆನೋವು ಅಂದರೆ ಬಸ್ಸಿನಲ್ಲಿ ಸೀಟು ಬಿಟ್ಟುಕೊಡುತ್ತಾರೆ. ಗೊರಕೆ ಅಂದರೆ ಮೊದಲು ನಗುತ್ತಾರೆ, ಆಮೇಲೆ ತಮ್ಮ ಮಾವನ ಗೊರಕೆಯ ಕಥೆ ಶುರು ಮಾಡುತ್ತಾರೆ. ನಾನೂ ಹಾಗೆ ನಕ್ಕವನೇ. ಆ ನಗುವಿನಲ್ಲಿ ಎರಡು ವರ್ಷ ಹೋದವು. ಆ ಎರಡು ವರ್ಷವೂ ದಿನಾ ನೂರಾರು ಜನ ನನ್ನನ್ನು ನಂಬಿ ನನ್ನ ಬೆನ್ನ ಹಿಂದೆ ಕೂತಿದ್ದರು. ಅದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ನನ್ನ ಹೆಸರು ಫಕ್ಕೀರಪ್ಪ. ಹುಟ್ಟಿದ್ದು ಶಿರಹಟ್ಟಿಯಲ್ಲಿ. ಆ ಊರಿನ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಈ ಹೆಸರು ಕೂಗಿದರೆ ಹತ್ತು ಜನ ತಿರುಗಿ ನೋಡುತ್ತಾರೆ. ಈಗ ಇರುವುದು ಬೆಟಗೇರಿಯಲ್ಲಿ, ನೇಕಾರರ ಓಣಿಯಲ್ಲಿ. ಇಪ್ಪತ್ತೆರಡು ವರ್ಷದಿಂದ ಸರ್ಕಾರಿ ಬಸ್ಸಿನ ಚಾಲಕ. ಬೆಳಿಗ್ಗೆ ಗದಗದಿಂದ ಮುಂಡರಗಿಗೆ ಎರಡು ಟ್ರಿಪ್, ಮಧ್ಯಾಹ್ನ ಊಟವಾದ ಮೇಲೆ ಮುಂಡರಗಿಯಿಂದ ಹಿರೇವಡ್ಡಟ್ಟಿಗೆ ಹೋಗಿ ಬರುವುದು. ನಿರ್ವಾಹಕ ದಾವಲಸಾಬ್ ನನ್ನ ಜೊತೆಗೆ ಒಂಬತ್ತು ವರ್ಷ. ನಾನು ನನ್ನ ಹೆಂಡತಿ ಶಾಂತಾಳಿಗಿಂತ ಅವನ ಜೊತೆ ಹೆಚ್ಚು ಹೊತ್ತು ಜಗಳಾಡಿದ್ದೇನೆ.

ನಮ್ಮ ಡಿಪೋದ ಗೇಟಿನ ಒಳಗೆ ಒಂದು ಕರೀ ಹಲಗೆ ಇದೆ. ಲೀಟರ್ ಡೀಸೆಲ್‌ಗೆ ಯಾರು ಎಷ್ಟು ಕಿಲೋಮೀಟರ್ ಓಡಿಸಿದರು ಅಂತ ಪ್ರತಿ ತಿಂಗಳು ಅದರ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಾರೆ. ಮೊದಲು ನನ್ನ ಹೆಸರು ನಡುವೆ ಎಲ್ಲೋ ಇರುತ್ತಿತ್ತು. ಎರಡು ವರ್ಷದಿಂದ ಮೇಲಕ್ಕೆ ಹತ್ತಿ, ಕೊನೆಗೆ ತುದಿಗೆ ಹೋಗಿ ಕೂತಿತು. ಕೂತದ್ದು ಇಳಿಯಲೇ ಇಲ್ಲ. ಹೊಸ ಹುಡುಗರು ಬಂದು ಕೇಳುತ್ತಿದ್ದರು. ನಾನು ಮೀಸೆ ಮೇಲೆ ಕೈ ಹಾಕಿ ಹೇಳುತ್ತಿದ್ದೆ:

“ಎಕ್ಸಿಲೇಟರ್ ಕೆಳಗ ತತ್ತಿ ಐತಿ ಅಂತ ತಿಳಕೋರಿ. ಒಡೀಬಾರದು. ಗಾಡಿ ಒಮ್ಮೆ ಓಟಕ್ಕ ಬಿತ್ತಂದ್ರ ತಾನಾ ಹೊಕ್ಕೈತಿ. ಬ್ರೇಕ್ ಹೊಡದಿರಿ ಅಂದ್ರ ಸುಟ್ಟ ಡೀಸೆಲ್ ರೋಡಿನ ಮ್ಯಾಲ ಚೆಲ್ಲಿದಂಗ.”

ಮಾತು ಖರೆಯೇ. ಹತ್ತು ಟನ್ನಿನ ಗಾಡಿ ಒಮ್ಮೆ ಓಡಲು ಶುರು ಮಾಡಿದರೆ ನಿಲ್ಲಲು ಅದಕ್ಕೆ ಮನಸ್ಸಿರುವುದಿಲ್ಲ. ಆ ಓಟವನ್ನು ಬಳಸಿಕೊಳ್ಳುವವನು ಡೀಸೆಲ್ ಉಳಿಸುತ್ತಾನೆ, ಮುಂದಿನ ನಿಲ್ದಾಣ ಕಾಣುವ ಮೊದಲೇ ಕಾಲು ಸಡಿಲಿಸುತ್ತಾನೆ. ಅದು ಎಲ್ಲ ಒಳ್ಳೆಯ ಚಾಲಕರಿಗೂ ಗೊತ್ತು. ಹಾಗಾದರೆ ಅವರಿಗಿಂತ ನಾನು ಯಾಕೆ ಮೇಲೆ ಇದ್ದೆ ಅನ್ನುವುದನ್ನು ನಾನು ಕೇಳಿಕೊಳ್ಳಲಿಲ್ಲ. ಹೊಗಳಿಕೆ ಬರುವಾಗ ಯಾರು ಲೆಕ್ಕ ಕೇಳುತ್ತಾರೆ?

ಅದೇ ಎರಡು ವರ್ಷದಲ್ಲಿ ಬೆಳಿಗ್ಗೆ ಎದ್ದ ಕೂಡಲೇ ತಲೆ ಭಾರವಾಗಿ ಸಿಡಿಯುತ್ತಿತ್ತು. ಎಂಟು ಗಂಟೆ ಮಲಗಿ ಎದ್ದರೂ ದಿನವಿಡೀ ನೇಯ್ದು ಮಗ್ಗದ ಗುಂಡಿಯೊಳಗಿಂದ ಎದ್ದು ಬಂದ ಹಾಗೆ ಮೈಯೆಲ್ಲ ನುಗ್ಗಾಗಿರುತ್ತಿತ್ತು. ಮುಂಡರಗಿ ಸ್ಟ್ಯಾಂಡಿನಲ್ಲಿ ಚಹಾ ಕೈಯಲ್ಲಿ ಹಿಡಿದೇ ತೂಕಡಿಸಿ ಅಂಗಿಯ ಮೇಲೆ ಚೆಲ್ಲಿಕೊಂಡದ್ದಕ್ಕೆ ಲೆಕ್ಕವಿಲ್ಲ. ವಯಸ್ಸು ನಲವತ್ತೆಂಟಾಯಿತು, ಹೊಟ್ಟೆ ಬಂದಿದೆ, ಇಷ್ಟೇ ಅಂದುಕೊಂಡೆ. ಮಧ್ಯಾಹ್ನದ ಟ್ರಿಪ್ಪಿಗೆ ಜೇಬಿನಲ್ಲಿ ಎರಡು ಹಸಿಮೆಣಸಿನಕಾಯಿ ಇಟ್ಟುಕೊಳ್ಳುತ್ತಿದ್ದೆ. ಕಣ್ಣು ಎಳೆದರೆ ಕಚ್ಚುವುದು. ಖಾರಕ್ಕೆ ಎರಡು ಮೈಲಿ ಎಚ್ಚರ ಸಿಗುತ್ತಿತ್ತು.

ದಾವಲಸಾಬ್‌ಗೆ ಆಗ ಒಂದು ಹೊಸ ಚಟ ಹತ್ತಿತ್ತು. ಹತ್ತುವವರಿಲ್ಲ, ಇಳಿಯುವವರಿಲ್ಲ, ಖಾಲಿ ರಸ್ತೆ, ಅಂಥ ಕಡೆ ಹಗ್ಗ ಜಗ್ಗಿ ಟಿಣ್ ಟಿಣ್ ಅಂತ ಜೋಡಿ ಘಂಟಿ ಹೊಡೆಯುತ್ತಿದ್ದ.

“ಯಾಕಲೇ, ತಲಿಗಿಲಿ ಕೆಟ್ಟೈತೇನ? ಯಾರ ಹತ್ತಿದ್ರು ಇಲ್ಲೆ?” ಅಂತ ರೇಗುತ್ತಿದ್ದೆ.

“ಕೈ ತಾಕಿತಪಾ ಮಾರಾಯಾ. ನೀ ಮುಂದ ನೋಡಿ ಹೊಡಿ,” ಅನ್ನುತ್ತಿದ್ದ.

ಮನೆಯಲ್ಲಿ ಶಾಂತಾಗೆ ಬೇರೆ ಚಟ. ರಾತ್ರಿ ಪಕ್ಕೆಗೆ ತಿವಿಯುವುದು. “ಆ ಕಡೆ ಸರದ ಮಲಗ್ರೀ.” ಸರಿದರೆ ಇನ್ನೊಂದು ಗಳಿಗೆಗೆ ಮತ್ತೆ ತಿವಿತ. ಬೆಳಿಗ್ಗೆ ಬೈದರೆ ಸುಮ್ಮನೆ ರೊಟ್ಟಿ ಬಡಿಯುತ್ತಿದ್ದಳು. ಲಕ್ಷ್ಮೇಶ್ವರದಲ್ಲಿರುವ ಅವಳ ಅಣ್ಣ, ನನ್ನ ಭಾವ ವೀರಣ್ಣ, ಒಮ್ಮೆ ನಮ್ಮಲ್ಲಿ ಉಳಿದು ಹೋಗುವಾಗ ಹೇಳಿದ್ದ: “ಏನ್ ನಿದ್ದೀರೀ ನಿಮ್ದು! ಗೋಡಿ ನಡುಗಿದ್ವು ನೋಡ್ರಿ. ಪುಣ್ಯಾ ಮಾಡಿ ಬಂದೀರಿ.” ನನಗೆ ಖುಷಿಯೇ ಆಗಿತ್ತು. ನಮ್ಮ ಕಡೆ ಗೊರಕೆ ಅಂದರೆ ಹೊಟ್ಟೆ ತುಂಬಿದವನ, ಚಿಂತೆ ಇಲ್ಲದವನ ನಿದ್ದೆ.

ಹೀಗಿರುವಾಗ ನಮ್ಮ ಚಾಲನಾ ಬೋಧಕರಾದ ಜೋಶಿ ಮಾಸ್ತರರು ನನ್ನ ಬಸ್ಸು ಹತ್ತಿದರು. ಚಾಲಕರಿಗೆ ಪಾಠ ಹೇಳುವುದು ಅವರ ಕೆಲಸ. ಎಂಥ ಒರಟನನ್ನೂ ‘ರೀ’ ಅಂದೇ ಮಾತಾಡಿಸುವ ಮನುಷ್ಯ.

“ಫಕ್ಕೀರಪ್ಪ, ಮೂರ ದಿನ ನಿಮ್ಮ ಬಾಜೂಕ ಕುಂಡ್ರತೀನಿ. ನೀವ್ ಎಲ್ಲೆಲ್ಲೆ ಎಕ್ಸಿಲೇಟರ್ ಮ್ಯಾಲಿಂದ ಕಾಲ ಎತ್ತತೀರಿ ಬರಕೋತೀನಿ. ಉಳಿದವ್ರಿಗೂ ಕಲಸೂಣು,” ಅಂದರು.

ಎಂಜಿನ್ ಪೆಟ್ಟಿಗೆಯ ಪಕ್ಕದ ಸೀಟಿನಲ್ಲಿ ಸಣ್ಣ ನೋಟ್‌ಬುಕ್ ಹಿಡಿದು ಕೂತರು. ಮೂರು ದಿನವೂ ಅವರು ನನ್ನ ಬಲಗಾಲನ್ನೇ ನೋಡಿದರು. ಮುಖ ನೋಡಲಿಲ್ಲ. ಈಗ ನೆನೆಸಿಕೊಂಡರೆ ನಗು ಬರುತ್ತದೆ. ಮೂರನೆಯ ದಿನ ಡಿಪೋದ ಕ್ಯಾಂಟೀನಿನಲ್ಲಿ ನೋಟ್‌ಬುಕ್ ತೆರೆದು ನನ್ನ ಮುಂದೆ ಇಟ್ಟರು.

“ಹಿರೇವಡ್ಡಟ್ಟಿ ಟ್ರಿಪ್ಪಿನಾಗ ಹತ್ತೊಂಬತ್ತ ಜಾಗಾದಾಗ ಕಾಲ ಎತ್ತೀರಿ. ಹದಿನಾಲ್ಕ ನನಗ ತಿಳಿದಾವು. ಸ್ಟಾಪ್ ಐತಿ, ಉಬ್ಬು ಐತಿ, ಇಳಕಲ ಐತಿ. ಆದ್ರ ಈ ಐದು ಜಾಗಾ ನೋಡ್ರಿ. ಸೀದಾ ರೋಡು. ಸ್ಟಾಪೂ ಇಲ್ಲ, ಉಬ್ಬೂ ಇಲ್ಲ. ಮೂರ್ನಾಕ ಸೆಕೆಂಡ್ ಕಾಲ ಎತ್ತಿ ಗಾಡಿ ತನ್ನಷ್ಟಕ್ಕ ಬಿಡ್ತೀರಿ, ಮತ್ತ ಒತ್ತತೀರಿ. ಇದ ಏನ ಮರ್ಮಾ?”

ಪಟ್ಟಿ ನೋಡಿದೆ. ಸೇತುವೆ ಮುಗಿದ ಮೇಲೆ. ಸೂರ್ಯಕಾಂತಿ ಹೊಲದ ಪಕ್ಕ. ಗಾಳಿಯಂತ್ರ ಎದುರಿಗೆ ಕಾಣುವಲ್ಲಿ. ಹಳೆಯ ಮೈಲುಗಲ್ಲಿನ ಹತ್ತಿರ. ಬೇವಿನ ಮರ ದಾಟಿ. ಐದು ಜಾಗದಲ್ಲಿ ಒಂದರಲ್ಲೂ ನಾನು ಕಾಲು ಎತ್ತಿದ್ದು ನನಗೆ ನೆನಪಿರಲಿಲ್ಲ. ಎತ್ತಲು ಕಾರಣವೂ ಇರಲಿಲ್ಲ. ಅಲ್ಲೆಲ್ಲ ನನಗೆ ನಿದ್ದೆ ಹತ್ತಿತ್ತು ಅಂತ ಆಗ ಹೊಳೆಯಿತು. ಮಾಸ್ತರರು ಪೆನ್ನು ಹಿಡಿದು ಕಾಯುತ್ತಿದ್ದರು. ನನ್ನ ಬಾಯಿ ನನ್ನನ್ನು ಕೇಳದೇ ಮಾತಾಡಿತು:

“ಅದು... ಅನುಭವರೀ ಮಾಸ್ತರ. ಗಾಡಿ ಹೇಳತೈತಿ.”

“ಭೇಷ್!” ಅಂತ ಅದನ್ನೂ ಬರೆದುಕೊಂಡರು. ಮುಂದಿನ ತಿಂಗಳು ಎಲ್ಲ ಚಾಲಕರಿಗೂ ತರಗತಿ ಇಡುತ್ತೇನೆ, ಅಲ್ಲಿ ನೀವೇ ಹೇಳಿಕೊಡಬೇಕು, ಡಿಪೋ ಮ್ಯಾನೇಜರ್ ಸಾಹೇಬರು ಶಾಲು ಹೊದಿಸುತ್ತಾರೆ ಅಂದರು. ನಾನು ಒಲ್ಲೆ ಅನ್ನಲಿಲ್ಲ. ಏನೆಂದು ಒಲ್ಲೆ ಅನ್ನಲಿ?

ಅಂದಿನಿಂದ ಬಸ್ಸಿನ ಕ್ಯಾಬಿನ್ ನನಗೆ ಬೋನು ಆಯಿತು. ಒಂದು ಕಡೆ ಬಾಗಿಲು, ಒಂದು ಕಡೆ ಬಿಸಿ ಎಂಜಿನ್, ಎದುರಿಗೆ ಗಾಜು, ಬೆನ್ನಿಗೆ ಜನ. ಹೇಳಿದರೆ ಕೆಲಸ ಹೋಗುತ್ತದೆ. ಸ್ಟೀಯರಿಂಗ್ ಬಿಟ್ಟು ಬೇರೇನೂ ಕಲಿತವನಲ್ಲ ನಾನು. ಹೇಳದಿದ್ದರೆ ಒಂದು ದಿನ ಯಾರನ್ನೋ ಕೊಲ್ಲುತ್ತೇನೆ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಹನ್ನೆರಡು ದಿನ ಬಸ್ಸು ಓಡಿಸಿದೆ. ಈ ಮಾತು ಬರೆಯುವಾಗ ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಮೆಣಸಿನಕಾಯಿ ಎರಡಿದ್ದದ್ದು ಆರಾದವು. ನಾಲಿಗೆ ಸುಟ್ಟು ಊಟ ಸೇರದಾಯಿತು.

ಹನ್ನೆರಡನೆಯ ದಿನ. ಹೆಸರುಕಾಳಿನ ಬೆಳೆ ಕೀಳುವ ಕಾಲ. ನಮ್ಮ ಕಡೆ ಆ ದಿನಗಳಲ್ಲಿ ಹೊಲದ ಜನ ಒಣಗಿದ ಹೆಸರಿನ ಬಳ್ಳಿ ತಂದು ಡಾಂಬರು ರಸ್ತೆಯ ಮೇಲೆ ಹರವುತ್ತಾರೆ. ಬಸ್ಸು ಲಾರಿ ಅದರ ಮೇಲೆ ಹೋದರೆ ಕಾಯಿ ಒಡೆದು ಕಾಳು ಉದುರುತ್ತದೆ. ನಮ್ಮ ಗಾಲಿಯೇ ಅವರಿಗೆ ರಾಶಿ ಒಕ್ಕುವ ರೋಣಗಲ್ಲು. ಮಾಡಬಾರದು ಅಂತ ಎಷ್ಟು ಸಲ ಹೇಳಿದರೂ ಮಾಡುತ್ತಾರೆ, ನಾವೂ ಬೈಯುತ್ತಲೇ ತುಳಿದುಕೊಂಡು ಹೋಗುತ್ತೇವೆ. ಅಪಾಯ ಎಲ್ಲಿದೆ ಅಂದರೆ, ಒಣ ಬಳ್ಳಿಯ ಕೆಳಗೆ ಉರುಟು ಕಾಳು ಇರುತ್ತದೆ. ಟೈರು ರಸ್ತೆಯನ್ನು ಹಿಡಿಯುವುದಿಲ್ಲ. ಬ್ರೇಕ್ ಒತ್ತಿದರೆ ಗಾಲಿ ನಿಲ್ಲುತ್ತದೆ, ಗಾಡಿ ನಿಲ್ಲುವುದಿಲ್ಲ.

ಹಿರೇವಡ್ಡಟ್ಟಿಯಿಂದ ತಿರುಗಿ ಬರುತ್ತಿದ್ದೆ. ಸೂರ್ಯಕಾಂತಿ ಹೊಲ ಕಂಡದ್ದು ನೆನಪಿದೆ. ಆಮೇಲೆ ನೆನಪಿರುವುದು ದಾವಲಸಾಬ್‌ನ ಕೂಗು.

“ಫಕ್ಕೀರಾ! ಲೇ ಫಕ್ಕೀರಾ!”

ನೋಡುತ್ತೇನೆ, ಗಾಡಿ ಬಳ್ಳಿಯ ಹಾಸಿನ ಮೇಲೆ ಏರಿದೆ. ಅದರ ಆ ತುದಿಯಲ್ಲಿ ಒಬ್ಬ ಅಜ್ಜಿ, ನನಗೆ ಬೆನ್ನು ಮಾಡಿ, ಮೊರದಲ್ಲಿ ಹೆಸರುಕಾಳು ಕೇರುತ್ತಿದ್ದಾಳೆ. ಬ್ರೇಕ್ ಒತ್ತಿದೆ. ಬಸ್ಸು ಸರ್ರಂತ ಜಾರಿತು. ಹಿಂದೆ ಹೆಂಗಸರು ಚೀರಿದರು. ನನ್ನ ಕೈಯಲ್ಲಿ ಏನೂ ಉಳಿದಿರಲಿಲ್ಲ. ಬ್ರೇಕ್ ಸ್ವಲ್ಪ ಬಿಟ್ಟು ಮತ್ತೆ ಒತ್ತಿ, ಬಿಟ್ಟು ಒತ್ತಿ, ಬಲಕ್ಕೆ ಎಳೆದೆ. ಅಜ್ಜಿ ತಿರುಗಿ ನೋಡಿ, ಮೊರ ಅಲ್ಲೇ ಬಿಸಾಕಿ ಪಕ್ಕಕ್ಕೆ ಹಾರಿದಳು. ಬಸ್ಸು ನಿಂತಾಗ ಮುಂದಿನ ಗಾಲಿ ಆ ಮೊರದ ಮೇಲೆ ಇತ್ತು.

ಅಜ್ಜಿ ಎದ್ದು ಸೀರೆ ಕೊಡವಿಕೊಂಡು ಬಂದು ಬಾನೆಟ್ಟಿಗೆ ಫಟ್ ಅಂತ ಹೊಡೆದಳು. “ಏ ನಿನ್ನ ಬಾಯಾಗ ಮಣ್ಣ ಹಾಕ! ಕಣ್ಣ ಏನ ಕಿಸೇದಾಗ ಇಟಕೊಂಡ ಹೊಡಿತೀಯೇನ?”

ಅವಳು ಬೈದದ್ದು ಸರಿಯಾಗಿತ್ತು. ಆದರೆ ಬಸ್ಸಿನೊಳಗಿನ ಜನ ನನ್ನ ಪರ ಎದ್ದರು. “ಯಮ್ಮಾ, ರೋಡಿನ ಮ್ಯಾಲ ರಾಶಿ ಮಾಡೂದು ನೀವು, ಬೈಯೂದು ಡ್ರೈವರ್‌ನ? ಅಂವಾ ಮೊದಲಾ ಸ್ಲೋ ಮಾಡಿದ್ದಕ್ಕ ನೀ ಉಳದಿ!” ಒಬ್ಬರು ಬಂದು ನನ್ನ ಹೆಗಲು ತಟ್ಟಿದರು. ಖರೆ, ವೇಗ ಮೊದಲೇ ಇಳಿದಿತ್ತು. ಇಳಿಸಿದ್ದು ನಾನಲ್ಲ. ನಿದ್ದೆಯಲ್ಲಿ ನನ್ನ ಕಾಲು ಸಡಿಲವಾಗಿತ್ತು. ಬೇರೆಯವರಿಗೆ ಹಾಗಾದಾಗ ಕಾಲು ಇನ್ನೂ ಒತ್ತಬಹುದಂತೆ, ಆಮೇಲೆ ತಿಳಿಯಿತು. ನನ್ನದು ಮೇಲೆ ಬರುತ್ತಿತ್ತು. ಅಜ್ಜಿ ಬದುಕಿದ್ದು ಅಷ್ಟರ ಮೇಲೆ. ಡಿಪೋದ ಹಲಗೆಯ ಮೇಲೆ ನನ್ನ ಹೆಸರು ಏರಿದ್ದೂ ಅಷ್ಟರಿಂದಲೇ.

ಮುಂಡರಗಿ ಸ್ಟ್ಯಾಂಡಿನಲ್ಲಿ ಜನ ಇಳಿದ ಮೇಲೆ ನಾನು ಸೀಟು ಬಿಟ್ಟು ಏಳಲಿಲ್ಲ. ದಾವಲಸಾಬ್ ಬಂದು ಪಕ್ಕದಲ್ಲಿ ಕೂತ.

“ನಿನಗ ಗೊತ್ತಿತ್ತು,” ಅಂದೆ.

“ಒಂದೂವರಿ ವರ್ಷದಿಂದ,” ಅಂದ. “ಹಿಂದಿಂದ ನೋಡಿದ್ರ ತಿಳೀತೈತಿ. ನಿನ್ನ ಕುತಗಿ ಎರಡ ಬೆರಳ ತಗ್ಗತೈತಿ. ಕಣ್ಣ ತೆರದಾ ಇರತಾವು, ಕನ್ನಡಿಯಾಗ ಕಾಣತೈತಿ. ಆದ್ರ ಒಳಗ ನೀ ಇರೂದಿಲ್ಲ. ಅದಕ್ಕ ಘಂಟಿ ಹೊಡೀತಿದ್ದೆ.”

“ಮತ್ತ ಹೇಳಬೇಕಿಲ್ಲೋ ಹರಾಮಖೋರ!”

“ಯಾರಿಗೆ ಹೇಳ್ಲಿ? ಸಾಹೇಬರಿಗೆ ಹೇಳಿದ್ರ ನಿನ್ನ ಅನ್ನಾ ಕಸಗೊಂಡಂಗ. ನಿನಗ ಹೇಳಿದ್ರ ನೀ ಕೇಳವನ?” ಅವನ ಕಣ್ಣಲ್ಲಿ ನೀರು ಬಂತು. “ಇವತ್ತ ಒಬ್ಬಾಕಿ ಹೆಂಗಸ ಟಿಕೆಟ್‌ಗೆ ಚಿಲ್ಲರ ಹುಡುಕಾಕತ್ತಿದ್ಲು. ನಾ ಆಕಿನ್ನ ನೋಡ್ಕೋತ ನಿಂತೆ. ಯಾ ಅಲ್ಲಾ, ಒಂದ ಘಂಟಿ ತಡಾ ಆತು ನೋಡ.”

ಮನೆಗೆ ಹೋಗಿ ಶಾಂತಾಗೆ ಎಲ್ಲ ಹೇಳಿದೆ. ಅವಳು ಗೋಡೆಗೆ ಒರಗಿ ಕೂತುಬಿಟ್ಟಳು. ಅಳುತ್ತಾಳೆ ಅಂದುಕೊಂಡೆ, ಅಳಲಿಲ್ಲ.

“ನಿಮ್ಮ ಉಸರಾ ನಿಲ್ಲತೈತ್ರೀ,” ಅಂದಳು. “ಗೊರಕಿ ಹೊಡಕೋತ ಹೊಡಕೋತ ಒಮ್ಮೆಲೆ ಬಂದ್. ನಾ ಎಣಸ್ತೀನಿ. ಇಪ್ಪತ್ತು, ಇಪ್ಪತ್ತೈದು. ಆಮ್ಯಾಲ ತಿವೀತೀನಿ. ತಿವದ್ರ ಗಟ್ಟಿಯಾಗಿ ಎಳಕೋತೀರಿ. ಎರಡ ವರ್ಷಾತು ನಾ ನೆಟ್ಟಗ ಮಲಗಿಲ್ಲ.”

“ಒಂದ ಮಾತ ಹೇಳಬಾರದಿತ್ತೇನ?”

“ಗಂಡನ ಉಸರಾ ನಿಲ್ಲತೈತಿ ಅಂತ ಬಾಯಿಲೆ ಹೆಂಗ ಅನ್ನೂದ್ರೀ?”

ಹಿಂದಿನಿಂದ ಒಬ್ಬ, ಪಕ್ಕದಿಂದ ಒಬ್ಬಳು. ಇಬ್ಬರೂ ನನ್ನನ್ನು ಎಬ್ಬಿಸುವುದನ್ನೇ ಕೆಲಸ ಮಾಡಿಕೊಂಡಿದ್ದರು. ಇಬ್ಬರೂ ನನ್ನ ಒಳ್ಳೆಯದಕ್ಕೇ ಬಾಯಿ ಮುಚ್ಚಿಕೊಂಡಿದ್ದರು. ಆ ದಿನ ನನಗೆ ಇಬ್ಬರ ಮೇಲೂ ಸಿಟ್ಟು ಬಂತು.

ಕಾಲು ನೋವು ಅಂತ ಸುಳ್ಳು ಹೇಳಿ ರಜೆ ಹಾಕಿದೆ. ಭಾವ ವೀರಣ್ಣ ನಮ್ಮನ್ನು ಹುಬ್ಬಳ್ಳಿಯ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದ. ದಾರಿಯುದ್ದಕ್ಕೂ ಒಂದೇ ಮಾತು: “ಉದ್ಯೋಗ ಕೇಳಿದ್ರ ಒಕ್ಕಲತನ ಅನ್ರಿ. ಡ್ರೈವರ್ ಅಂದೀರಿ ಅಂದ್ರ ಗಾಡಿ ಹೊಡೀಬಾರದು ಅಂತ ಕಾಗದಾ ಮಾಡಿ ಕೈಯಾಗ ಕೊಡ್ತಾರ. ಮುಗೀತ ಮತ್ತ.”

ಕಾಯುವ ಕೋಣೆಯಲ್ಲಿ ಉದ್ದನೆಯ ಬೆಂಚು. ನಮ್ಮಂಥವರು ಆರೇಳು ಜನ. ಹೆಸರು ಕರೆಯುವುದಕ್ಕೆ ಮೊದಲೇ ಕುತ್ತಿಗೆ ವಾಲಿಸಿ ಮಲಗಿದ್ದರು. ಒಬ್ಬರ ಗೊರಕೆಗೆ ಇನ್ನೊಬ್ಬರು ಎಚ್ಚರಾಗಿ, ಮತ್ತೆ ಮಲಗುತ್ತಿದ್ದರು. ಹೆಂಡಂದಿರೆಲ್ಲ ಒಬ್ಬರನ್ನೊಬ್ಬರು ನೋಡಿದರು. ಯಾರೋ ಒಬ್ಬಾಕೆ ಕಿಸಕ್ಕನೆ ನಕ್ಕಳು. ಶಾಂತಾನೂ ನಕ್ಕಳು, ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಪಕ್ಕದವಳು ಅವಳ ಕೈ ಹಿಡಿದುಕೊಂಡಳು. ಹೆಸರು ಊರು ಏನೂ ಕೇಳಲಿಲ್ಲ, ನಮ್ಮ ಸರದಿ ಬರುವವರೆಗೆ ಹಿಡಿದೇ ಇದ್ದಳು.

ಡಾಕ್ಟರು ಸಣ್ಣ ವಯಸ್ಸಿನ ಹೆಣ್ಣುಮಗಳು. ಬಾಯಿ ತೆರೆಸಿ ನೋಡಿದರು, ಕುತ್ತಿಗೆ ಅಳೆದರು. “ಏನ್ ಕೆಲಸ ಮಾಡ್ತೀರಿ?”

“ಒಕ್ಕಲತನರೀ.”

“ಗಾಡಿ ಓಡಿಸ್ತೀರೇನು?”

“ಮೋಟರಸೈಕಲ್ಲರೀ. ಯಾವಾಗರ ಒಮ್ಮೆ.”

“ಸದ್ಯ ಅದನ್ನೂ ಮುಟ್ಟಬೇಡ್ರಿ,” ಅಂದರು. ಶಾಂತಾ ನನ್ನ ಮುಖ ನೋಡಿದಳು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ.

ಆ ರಾತ್ರಿ ಅಲ್ಲೇ ಮಲಗಿಸಿ, ತಲೆ, ಎದೆ, ಬೆರಳು, ಕಾಲು ಎಲ್ಲದಕ್ಕೂ ವೈರು ಅಂಟಿಸಿದರು. ಮಗ್ಗುಲು ತಿರುಗಿದರೆ ವೈರು ಎಳೆಯುತ್ತಿತ್ತು. ಗಂಟೆಗೆ ನಲವತ್ತು ಸಲಕ್ಕೂ ಹೆಚ್ಚು ಉಸಿರು ಕಟ್ಟುತ್ತದೆ ಅಂತ ಬೆಳಿಗ್ಗೆ ಹೇಳಿದರು. ಮಲಗಿದ್ದೀನಿ ಅಂದುಕೊಂಡ ಎರಡು ವರ್ಷ ನಾನು ಮಲಗೇ ಇರಲಿಲ್ಲ.

ಗಾಳಿ ಊದುವ ಯಂತ್ರ ಕೊಟ್ಟರು. ಮೂಗಿಗೆ ಮುಖವಾಡ, ಅದಕ್ಕೊಂದು ಕೊಳವೆ, ತಲೆಯ ಸುತ್ತ ಪಟ್ಟಿ. ಹಾಕಿಕೊಂಡಾಗ ಶಾಂತಾ “ಗಣಪ್ಪ ಬಂದಾ!” ಅಂದಳು. ನನಗೆ ನಗು ಬರಲಿಲ್ಲ. ಕಟ್ಟಿದ ಹತ್ತು ನಿಮಿಷಕ್ಕೆ ಯಾರೋ ಮುಖದ ಮೇಲೆ ಕೂತ ಹಾಗೆ ಆಗುತ್ತಿತ್ತು. ಕಿತ್ತು ಎಸೆದು, ಎದ್ದು ಕೂತು, ಬಾಗಿಲು ತೆಗೆದು ಓಣಿಯಲ್ಲಿ ನಿಲ್ಲುತ್ತಿದ್ದೆ. ಶಾಂತಾ ಅದನ್ನು ಎತ್ತಿ, ಒರೆಸಿ, ಮತ್ತೆ ಕೈಗೆ ಕೊಡುತ್ತಿದ್ದಳು. “ಇನ್ನ ಹತ್ತ ನಿಮಿಷ ಹಾಕ್ಕೋರಿ. ಹತ್ತಾ ನಿಮಿಷ.” ಕರೆಂಟು ಹೋದರೆ ಯಂತ್ರ ನಿಂತು ನಿಜವಾಗಿಯೇ ಉಸಿರು ಕಟ್ಟುತ್ತಿತ್ತು. ಮೂರು ವಾರ ಹೀಗೇ ನಡೆಯಿತು. ಒಂದು ಬೆಳಿಗ್ಗೆ ಎದ್ದಾಗ ತಲೆನೋವು ಇರಲಿಲ್ಲ. ಓಣಿಯಲ್ಲಿ ಮಗ್ಗದ ಸದ್ದು ಸ್ಪಷ್ಟವಾಗಿ, ಒಂದೊಂದೇ ಏಟು ಬೇರೆ ಬೇರೆಯಾಗಿ ಕೇಳಿತು. ಶಾಂತಾ ಇನ್ನೂ ಮಲಗಿದ್ದಳು. ಬಿಸಿಲು ಅಡಿಗೆಮನೆಯೊಳಗೆ ಬಂದರೂ ಏಳಲಿಲ್ಲ. ನಾನೇ ಚಹಾ ಮಾಡಿದೆ.

ಆ ವಾರವೇ ಮಾಸ್ತರರ ತರಗತಿ ಇತ್ತು. ವೀರಣ್ಣ ಫೋನಿನಲ್ಲಿ ಹೇಳಿದ: “ಶಾಲ ಹೊಚ್ಚಕೊಂಡ, ಎರಡ ಮಾತಾಡಿ ಬಂದಬಿಡ್ರಿ. ಈಗ ಆರಾಮ ಅದೀರಲ್ಲ.” ಹಾಗೇ ಮಾಡಬೇಕು ಅಂತಲೇ ಹೋದೆ. ಇಸ್ತ್ರಿ ಮಾಡಿದ ಖಾಕಿ ಹಾಕಿಕೊಂಡಿದ್ದೆ.

ಡಿಪೋದ ಶೆಡ್ಡಿನಲ್ಲಿ ಐವತ್ತು ಜನ ಚಾಲಕರು ಕೂತಿದ್ದರು. ಮಾಸ್ತರರು ಹಲಗೆಯ ಮೇಲೆ ಬರೆದು ವಿವರಿಸುತ್ತಿದ್ದರು. ವೇಗ ಎರಡು ಪಟ್ಟಾದರೆ ನಿಲ್ಲಲು ನಾಲ್ಕು ಪಟ್ಟು ದೂರ ಬೇಕು. ಗಂಟೆಗೆ ಅರವತ್ತು ಕಿಲೋಮೀಟರ್ ಅಂದರೆ ಒಂದು ಸೆಕೆಂಡಿಗೆ ಸುಮಾರು ಹದಿನೇಳು ಮೀಟರ್. ನಾನು ಕೂತಲ್ಲೇ ಗುಣಿಸಿದೆ. ನಾಲ್ಕು ಸೆಕೆಂಡಿಗೆ ಅರವತ್ತೆಂಟು. ಐದು ಜಾಗಕ್ಕೆ ಮುನ್ನೂರ ನಲವತ್ತು ಮೀಟರ್. ದಿನಾ ಅಷ್ಟು ದೂರ ಆ ಬಸ್ಸಿಗೆ ಚಾಲಕನೇ ಇರಲಿಲ್ಲ.

ಆಮೇಲೆ ಮಾಸ್ತರರು ದೊಡ್ಡ ಅಕ್ಷರದಲ್ಲಿ ‘ಫಕ್ಕೀರಪ್ಪನವರ ವಿಧಾನ’ ಅಂತ ಬರೆದರು. ಸೀದಾ ರಸ್ತೆಯಲ್ಲಿ ನಾಲ್ಕು ಸೆಕೆಂಡ್ ಕಾಲು ಎತ್ತುವುದು. ಮುಂದಿನ ಸಾಲಿನಲ್ಲಿದ್ದ ಹೊಸ ಚಾಲಕನೊಬ್ಬ ಎದ್ದು ನಿಂತು ಭಕ್ತಿಯಿಂದ ಕೇಳಿದ:

“ಅಣ್ಣಾರ, ಕಾಲ ಎತ್ತೂ ಹೊತ್ತು ಹೆಂಗ ಗೊತ್ತಾಗತೈತ್ರೀ?”

ಐವತ್ತು ಮುಖ ನನ್ನ ಕಡೆ ತಿರುಗಿದವು. ಮೇಜಿನ ಮೇಲೆ ಶಾಲು ಮಡಚಿ ಇಟ್ಟಿದ್ದರು. ಬಾಗಿಲ ಹತ್ತಿರ ದಾವಲಸಾಬ್ ನಿಂತಿದ್ದ, ನಿರ್ವಾಹಕರಿಗೆ ಅಲ್ಲಿ ಕೆಲಸವಿಲ್ಲದಿದ್ದರೂ ಬಂದಿದ್ದ. ಈ ಹುಡುಗ ನಾಳೆ ನನ್ನ ಹಾಗೆ ಓಡಿಸಲು ಹೋಗುತ್ತಾನೆ ಅನ್ನುವುದು ತಲೆಗೆ ಬಂತು.

“ಗೊತ್ತಾಗೂದಿಲ್ಲೋ ತಮ್ಮಾ,” ಅಂದೆ. “ನಾ ಆವಾಗ ನಿದ್ದಿ ಮಾಡತಿರತೀನಿ.”

ಎಲ್ಲರೂ ಗೊಳ್ಳೆಂದು ನಕ್ಕರು. ನಗು ತಗ್ಗುವವರೆಗೆ ಕಾದು ಮತ್ತೆ ಹೇಳಿದೆ, ಅಜ್ಜಿಯ ಮೊರದವರೆಗೂ ಎಲ್ಲ ಹೇಳಿದೆ. ಜೋಶಿ ಮಾಸ್ತರರು ಹಲಗೆಯ ಕಡೆ ತಿರುಗಿ ನನ್ನ ಹೆಸರನ್ನು ಒರೆಸಿದರು. “ನಾ ಕಾಲ ಬಿಟ್ಟ ನಿಮ್ಮ ಮಾರಿ ನೋಡಬೇಕಿತ್ರೀ ಫಕ್ಕೀರಪ್ಪ,” ಅಂತ ಮಾತ್ರ ಅಂದರು. ನೋಟ್‌ಬುಕ್ಕಿನಿಂದ ಆ ಐದು ಜಾಗದ ಹಾಳೆ ಹರಿದು ನನ್ನ ಕೈಗೆ ಕೊಟ್ಟರು.

ಹುಬ್ಬಳ್ಳಿಗೆ ಮತ್ತೆ ಹೋಗಿ ಡಾಕ್ಟರಿಗೂ ಖರೆ ಹೇಳಿದೆ. ಅವರು ಬೈಯಲಿಲ್ಲ. ಕಾಗದ ಬರೆದರು. ಸ್ಟೀಯರಿಂಗ್ ಹೋಯಿತು. ವೀರಣ್ಣ ಎರಡು ತಿಂಗಳು ಮಾತು ಬಿಟ್ಟ. ಈಗ ನನಗೆ ಡಿಪೋದ ಟೈರಿನ ವಿಭಾಗದಲ್ಲಿ ಕೆಲಸ. ಗಾಳಿ ಕಡಿಮೆಯಾದ ಟೈರು ಹೆಚ್ಚು ಡೀಸೆಲ್ ತಿನ್ನುತ್ತದೆ, ಬೇಗ ಬಿಸಿಯಾಗಿ ಸಿಡಿಯುತ್ತದೆ. ಹಗಲು ನಾನು ಬಸ್ಸಿಗೆ ಗಾಳಿ ಹಾಕುತ್ತೇನೆ, ರಾತ್ರಿ ಯಂತ್ರ ನನಗೆ ಹಾಕುತ್ತದೆ. ಶೆಡ್ಡಿಗೆ ಕಿಟಕಿ ಇಲ್ಲ. ಗಾಡಿಗಳು ಗೇಟು ದಾಟಿ ಹೋಗುವ ಸದ್ದು ಕೇಳಿದಾಗ ಬಲಗಾಲು ತಾನಾಗಿ ನೆಲ ಒತ್ತುತ್ತದೆ. ಮುಂದೆ ಪರೀಕ್ಷೆ ಮಾಡಿ ಮತ್ತೆ ಓಡಿಸಲು ಬಿಡಬಹುದು, ಬಿಡದೆಯೂ ಇರಬಹುದು. ಕೇಳುವವರಿಗೆಲ್ಲ ಆರಾಮ ಇದ್ದೇನೆ ಅನ್ನುತ್ತೇನೆ. ಉಸಿರು ಆರಾಮ ಇದೆ. ನಾನು ಇಲ್ಲ.

ಒಂದು ಒಳ್ಳೆಯದು ಹೇಳಲೇಬೇಕು. ತರಗತಿ ಆದ ಮೇಲೆ ಒಬ್ಬೊಬ್ಬರಾಗಿ, ಟೈರು ನೋಡುವ ನೆವದಲ್ಲಿ, ನಾಲ್ಕು ಜನ ಚಾಲಕರು ನನ್ನ ಹತ್ತಿರ ಬಂದರು. ಎಲ್ಲರ ಮಾತೂ ಒಂದೇ ಥರ ಶುರುವಾಯಿತು: “ಅಣ್ಣಾ, ನಮ್ಮನಿಯಾಕಿನೂ ರಾತ್ರಿ ತಿವೀತಾಳ...” ನಾಲ್ವರಲ್ಲಿ ಇಬ್ಬರು ಈಗ ಮುಖವಾಡ ಹಾಕುತ್ತಾರೆ.

ಹೋದ ತಿಂಗಳು ಒಂದು ರಜೆಯ ದಿನ ದಾವಲಸಾಬ್‌ನ ಬಸ್ಸು ಹತ್ತಿದೆ. ಮಧ್ಯಾಹ್ನದ ಹಿರೇವಡ್ಡಟ್ಟಿ ಟ್ರಿಪ್. ಚಾಲಕ ಆ ಹೊಸ ಹುಡುಗನೇ. ಎಡಗಡೆ ಕಿಟಕಿಯ ಪಕ್ಕ ಕೂತು, ಜೇಬಿನಿಂದ ಮಾಸ್ತರರ ಹಾಳೆ ತೆಗೆದೆ. ಸೇತುವೆ ಬಂತು. ಸೂರ್ಯಕಾಂತಿ ಹೊಲದಲ್ಲಿ ಈಗ ಜೋಳ. ಗಾಳಿಯಂತ್ರ ತಿರುಗುತ್ತಿತ್ತು. ಮೈಲುಗಲ್ಲು ದಾಟಿತು. ಕೊನೆಯದು ‘ಬೇವಿನ ಮರ ದಾಟಿ’.

ಮರ ದಾಟಿದ ಕೂಡಲೇ ರಸ್ತೆಗೆ ಅಂಟಿಕೊಂಡು ಒಂದು ಸಣ್ಣ ಕಟ್ಟಡ. ಹಳದಿ ಗೋಡೆ, ಅದರ ಮೇಲೆ ಗಿಳಿ, ಮಾವಿನಹಣ್ಣು, ಅ ಆ ಇ ಈ. ಕಟ್ಟೆಯ ಮೇಲೆ ಹದಿನೈದಿಪ್ಪತ್ತು ಮಕ್ಕಳು ತಾಟು ಹಿಡಿದು ಸಾಲಾಗಿ ನಿಂತಿದ್ದವು. ಬಸ್ಸು ಕಂಡದ್ದೇ ಎಲ್ಲವೂ ಕೈ ಎತ್ತಿ ಬೀಸಿದವು. ಒಂದು ಮಗು ಕಟ್ಟೆ ಇಳಿದು ರಸ್ತೆಯ ಅಂಚಿನವರೆಗೂ ಓಡಿಬಂತು, ಹಿಂದೆಯೇ ಟೀಚರಮ್ಮ ಬಂದು ಎತ್ತಿಕೊಂಡಳು. ಹೊಸ ಚಾಲಕ ವೇಗ ಇಳಿಸಿ, ಮೆಲ್ಲಗೆ ಹಾರ್ನ್ ಹೊಡೆದು, ಕೈ ಬೀಸಿದ.

“ಈ ಅಂಗನವಾಡಿ ಯಾವಾಗ ಆತಲೇ?” ಅಂತ ಕೇಳಿದೆ.

ದಾವಲಸಾಬ್ “ಎರಡ ವರ್ಷಾತು,” ಅಂದ.

ದಿನಾ ಎರಡು ಸಲ ನಾನು ದಾಟಿದ ಜಾಗ. ಒಂದು ದಿನವೂ ನಾನು ಆ ಹಳದಿ ಗೋಡೆ ನೋಡಿರಲಿಲ್ಲ.

“ದಿನಾ ಹಿಂಗ ಕೈ ಮಾಡತಾವೇನು?”

“ಮಾಡತಾವು. ನಿನಗೂ ಮಾಡತಿದ್ವು.”

“ಮತ್ತ ನೀ ಏನ ಮಾಡತಿದ್ದಿ?”

ಅವನು ಮೇಲೆ ತೂಗುತ್ತಿದ್ದ ಹಗ್ಗವನ್ನು ಹಿಡಿದುಕೊಂಡ, ಜಗ್ಗಲಿಲ್ಲ.

“ನಾ ಘಂಟಿ ಹೊಡೀತಿದ್ದೆ,” ಅಂದ.